ಅಪ್ಪನಿಗೆ ಬಂದ ದೊಡ್ಡಕರುಳಿನ ಗಡ್ಡೆ: ಕಾರಣ ಬಾಡೋ, ವಂಶವೋ?

ಮುಳಬಾಗಿಲಿನ ಮಗ:
ನಮ್ಮ ತಂದೆಯವರಿಗೆ 47ನೆಯ ವಯಸ್ಸಿನಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಕಾಣಿಸಿಕೊಂಡು, ಹೋದ ವರ್ಷ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ವಾರವಾರವೂ ಕುರಿಮಾಂಸ ತಿಂದದ್ದೇ ಇದಕ್ಕೆ ಕಾರಣವೆಂದು ನೆಂಟರಲ್ಲಿ ಅರ್ಧ ಜನ ಹೇಳಿದರೆ, ವಂಶದಲ್ಲಿದ್ದರೆ ಸೊಪ್ಪು ತಿಂದವರಿಗೂ ಬರುತ್ತದೆಂದು ಉಳಿದವರು ವಾದಿಸುತ್ತಾರೆ. ಹೊಸತೊಡಕಿನ ಮಟನ್ ಚೀಟಿಗೆ ನಾನೂ ತಮ್ಮನೂ ಹಣ ಕಟ್ಟಿದ್ದೇವೆ. ನಾವಿಬ್ಬರೂ ಮಾಂಸವನ್ನು ಪೂರ್ತಿಯಾಗಿ ಬಿಡಬೇಕೇ?

ಕೋಲಾರದ ಜೀವಶಾಸ್ತ್ರ ಉಪನ್ಯಾಸಕಿ:
ಎರಡೂ ಕಡೆಯವರು ಅರ್ಧ ಸತ್ಯವನ್ನು ಹೇಳುತ್ತಿದ್ದಾರೆ. ಮಾಂಸವನ್ನು ಕೆಂಡದ ಮೇಲೆ ಸುಟ್ಟಾಗ ಅಥವಾ ಕಾದ ಬಾಣಲೆಯಲ್ಲಿ ಕಪ್ಪಾಗುವವರೆಗೆ ಹುರಿದಾಗ ಹೆಟೆರೊಸೈಕ್ಲಿಕ್ ಅಮೀನ್‌ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಅವು ಇದ್ದ ರೂಪದಲ್ಲೇ ಡಿಎನ್‌ಎಯನ್ನು ಕೆಡಿಸುವುದಿಲ್ಲ. ಮೊದಲು ಯಕೃತ್ತಿನಲ್ಲಿ ಸಿವೈಪಿ1ಎ2 ಎಂಬ ಕಿಣ್ವವೂ, ಬಳಿಕ ಎನ್‌ಎಟಿ2 ಎಂಬ ಕಿಣ್ವವೂ ಅವುಗಳನ್ನು ಬದಲಿಸಿದ ಮೇಲೆಯೇ ಅವು ಡಿಎನ್‌ಎಗೆ ಅಂಟಿಕೊಳ್ಳುವ ರೂಪ ತಾಳುತ್ತವೆ. ಎನ್‌ಎಟಿ2 ಕೆಲವರಲ್ಲಿ ಚುರುಕು, ಕೆಲವರಲ್ಲಿ ನಿಧಾನ. ಅದನ್ನು ತೀರ್ಮಾನಿಸುವುದು ವಂಶವಾಹಿ. ಹಾಗಾಗಿ ಒಂದೇ ತಟ್ಟೆಯಲ್ಲಿ ಉಂಡ ಅಣ್ಣತಮ್ಮಂದಿರ ಕರುಳಿಗೂ ಒಂದೇ ಪ್ರಮಾಣದ ಪೆಟ್ಟು ಬೀಳಬೇಕೆಂದಿಲ್ಲ. ಆದರೆ ಎನ್‌ಎಟಿ2 ಕುರಿತ ಅಧ್ಯಯನಗಳ ಫಲಿತಾಂಶಗಳು ಪರಸ್ಪರ ಹೊಂದಿಕೆಯಾಗಿಲ್ಲ ಎಂಬುದನ್ನೂ ಮರೆಯಬಾರದು.

ಶ್ರೀನಿವಾಸಪುರದ ರೈತ:
ಮೇಡಂ, ನಮ್ಮ ತಾತ ತೊಂಬತ್ತು ದಾಟುವವರೆಗೂ ಬಾಡು ಬಿಟ್ಟವರಲ್ಲ. ನಾವು ಮಾಂಸವನ್ನು ನೀರಿನಲ್ಲಿ ಬೇಯಿಸಿ ಸಾರು ಮಾಡುತ್ತೇವೆ, ಜೊತೆಗೆ ರಾಗಿಮುದ್ದೆಯಿರುತ್ತದೆ. ದಿನವೂ ಹ್ಯಾಮು, ಸಾಸೇಜು ತಿನ್ನುವ ದೇಶಗಳ ಲೆಕ್ಕವನ್ನು ತಂದು ನಮ್ಮ ಹೊಸತೊಡಕಿನ ಮೇಲೆ ಹೇರುವುದು ನ್ಯಾಯವಲ್ಲ.

ಕೋಲಾರದ ಜೀವಶಾಸ್ತ್ರ ಉಪನ್ಯಾಸಕಿ:
ಸಾರಿನ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ಕುದಿಯುವ ನೀರಿನ ಶಾಖದಲ್ಲಿ ಆ ಅಮೀನ್‌ಗಳು ಬಹಳ ಕಡಿಮೆ ಹುಟ್ಟುತ್ತವೆ. ಆದರೆ ಮಾಂಸವನ್ನು ಕೆಂಪಾಗಿಸುವ ಹೀಮ್ ಕಬ್ಬಿಣಾಂಶವು ಬೇಯಿಸಿದರೂ ಹೋಗುವುದಿಲ್ಲ, ಅದು ಕರುಳಿನೊಳಗೆ ಕ್ಯಾನ್ಸರ್ ತರಬಲ್ಲ ನೈಟ್ರೊಸೊ ಸಂಯುಕ್ತಗಳು ಹುಟ್ಟಲು ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಕೆಂಪು ಮಾಂಸವನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ವೆಂದೂ, ಸಂಸ್ಕರಿಸಿದ ಮಾಂಸವನ್ನು ‘ಖಚಿತ ಕ್ಯಾನ್ಸರ್‌ಕಾರಕ’ವೆಂದೂ ವರ್ಗೀಕರಿಸಿತು. ಅದರ ವ್ಯಾಖ್ಯೆಯ ಪ್ರಕಾರ ಉಪ್ಪು ಹಾಕಿ ಕೆಡದಂತೆ ಇಡುವ ಮಾಂಸವೂ ಸಂಸ್ಕರಿಸಿದ್ದೇ ಆಗುವುದರಿಂದ, ನಮ್ಮ ಅಜ್ಜಿಯರ ಉಪ್ಪುಕಂಡವನ್ನು ಅದರಿಂದ ಹೊರಗಿಡಲು ನನಗೆ ದಾರಿ ಕಾಣುತ್ತಿಲ್ಲ. ಅಂಥ ಮಾಂಸವನ್ನು ದಿನಕ್ಕೆ 50 ಗ್ರಾಂನಂತೆ ತಿಂದರೆ ಅಪಾಯ ಸುಮಾರು 18 ಪ್ರತಿಶತ ಹೆಚ್ಚುತ್ತದೆಂದು ಆ ವಿಭಾಗ ಹೇಳಿತು. ಇದರರ್ಥ ನೂರರಲ್ಲಿ ಹದಿನೆಂಟು ಜನರಿಗೆ ರೋಗ ಬರುತ್ತದೆಂದಲ್ಲ, ಸಾವಿರಕ್ಕೆ ಹತ್ತು ಜನರಿಗೆ ಬರುವ ಕಡೆ ಸುಮಾರು ಹನ್ನೆರಡು ಜನರಿಗೆ ಬರಬಹುದು ಎಂದು.

ಬಂಗಾರಪೇಟೆಯ ಓದುಗ:
ಹಾಗಾದರೆ ಎಂಜಲಿನ ವಂಶವಾಹಿ ಪರೀಕ್ಷೆ ಮಾಡಿಸಿಕೊಂಡು, ಅಪಾಯವಿಲ್ಲದವರು ತಿನ್ನಲಿ, ಇದ್ದವರು ಬಿಡಲಿ. ಇಷ್ಟು ಚರ್ಚೆ ಏಕೆ?

ಕೋಲಾರದ ಜೀವಶಾಸ್ತ್ರ ಉಪನ್ಯಾಸಕಿ:
ವಿಜ್ಞಾನ ಇನ್ನೂ ಅಲ್ಲಿಗೆ ಮುಟ್ಟಿಲ್ಲ. 27 ಅಧ್ಯಯನಗಳಿಂದ 29,842 ರೋಗಿಗಳನ್ನೂ 39,635 ರೋಗವಿಲ್ಲದವರನ್ನೂ ಹೋಲಿಸಿ 2024ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಎಚ್‌ಎಎಸ್‌2 ಮತ್ತು ಎಸ್‌ಎಂಎಡಿ7 ಎಂಬ ವಂಶವಾಹಿಗಳ ಬಳಿಯ ವ್ಯತ್ಯಾಸಗಳಿಗೆ ತಕ್ಕಂತೆ ಮಾಂಸದಿಂದಾಗುವ ಅಪಾಯ ಹೆಚ್ಚುಕಡಿಮೆಯಾಗುವುದು ಕಂಡುಬಂತು. ಎಸ್‌ಎಂಎಡಿ7 ದೇಹದ ಕಬ್ಬಿಣಾಂಶದ ನಿಯಂತ್ರಣದಲ್ಲಿಯೂ ಪಾಲ್ಗೊಳ್ಳುವುದರಿಂದ ಹೀಮ್‌ನ ಪಾತ್ರದ ಸುಳಿವು ಇಲ್ಲಿರಬಹುದು. ಆದರೆ ಆ ವಿಶ್ಲೇಷಣೆಯಲ್ಲಿದ್ದವರೆಲ್ಲರೂ ಯುರೋಪ್ ಮೂಲದವರು, ಮತ್ತು ಅದು ಗುಂಪುಗಳ ನಡುವಿನ ಅಂತರವೇ ಹೊರತು ಒಬ್ಬ ವ್ಯಕ್ತಿಯ ಭವಿಷ್ಯವಲ್ಲ.

ಮಾಲೂರಿನ ಶುಶ್ರೂಷಕಿ:
ಪ್ರಶ್ನೆ ಕೇಳಿದ ತಮ್ಮನವರ ಒಂದು ಮಾತನ್ನು ಎಲ್ಲರೂ ದಾಟಿ ಹೋಗಿದ್ದೀರಿ. ತಂದೆಗೆ 47ನೆಯ ವಯಸ್ಸಿನಲ್ಲೇ ರೋಗ ಬಂದಿದೆ. ತಂದೆಯ ಕಡೆ ಬೇರೆ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿತ್ತೇ?

ಮುಳಬಾಗಿಲಿನ ಮಗ:
ಬಂದಿತ್ತು ಅಕ್ಕ. ಸೋದರತ್ತೆಗೆ 44ರಲ್ಲಿ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ಅವರು ಮಾಂಸವನ್ನು ಮುಟ್ಟುತ್ತಲೇ ಇರಲಿಲ್ಲ.

ಮಾಲೂರಿನ ಶುಶ್ರೂಷಕಿ:
ಹಾಗಿದ್ದರೆ ಮೇಲೆ ಹೇಳಿದ ಸಣ್ಣಪುಟ್ಟ ವ್ಯತ್ಯಾಸಗಳಿಗಿಂತ ಬಹಳ ಬಲವಾದ ವಂಶವಾಹಿ ದೋಷವೊಂದು ನಿಮ್ಮ ಮನೆತನದಲ್ಲಿ ಇದೆಯೇ ಎಂದು ಮೊದಲು ನೋಡಬೇಕು. ಡಿಎನ್‌ಎಯ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ವಂಶವಾಹಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುವುದನ್ನು ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ, ಕರುಳಿನ ಜೊತೆಗೆ ಗರ್ಭಕೋಶದ ಕ್ಯಾನ್ಸರ್ ಕೂಡ ಅದರ ಗುರುತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ತುಣುಕನ್ನು ಆಸ್ಪತ್ರೆಯವರು ಮೇಣದ ಅಚ್ಚಿನಲ್ಲಿ ಇಟ್ಟಿರುತ್ತಾರೆ, ಆ ನಾಲ್ಕು ವಂಶವಾಹಿಗಳು ತಯಾರಿಸುವ ಪ್ರೋಟೀನುಗಳ ಪರೀಕ್ಷೆಯನ್ನು ಅದರಲ್ಲೇ ಮಾಡಿಸಬಹುದು. ದೋಷ ತಂದೆಯಲ್ಲಿ ಖಚಿತವಾದರೆ ಪ್ರತಿ ಮಗುವಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಮತ್ತು ಬಂದವರು ಸಾಮಾನ್ಯವಾಗಿ 20–25ನೆಯ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ, ಅಂದರೆ ದೊಡ್ಡಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ, ಮಾಡಿಸಿಕೊಳ್ಳಬೇಕಾಗುತ್ತದೆ. ಮಾಂಸ ಬಿಟ್ಟ ನೆಮ್ಮದಿಯಲ್ಲಿ ಈ ಪರೀಕ್ಷೆ ತಪ್ಪಿಹೋಗಬಾರದೆಂಬುದೇ ನನ್ನ ಭಯ.

ಶ್ರೀನಿವಾಸಪುರದ ರೈತ:
ಈ ಮನೆಯ ವಿಷಯ ನಮ್ಮ ತಾತನ ಲೆಕ್ಕಕ್ಕೆ ಸಿಗುವುದಲ್ಲ ಎಂದು ಈಗ ಅರ್ಥವಾಯಿತು. ತಮ್ಮಾ, ಚೀಟಿಯ ಹಣದ ಚಿಂತೆ ಬಿಡು, ಮೊದಲು ಆ ಪರೀಕ್ಷೆಗೆ ಹೋಗಿ ಬಾ.

ಮುಳಬಾಗಿಲಿನ ಮಗ:
ಸೋಮವಾರ ತಂದೆಯವರ ಕಾಗದಪತ್ರಗಳೊಂದಿಗೆ ಬೆಂಗಳೂರಿಗೆ ಹೋಗುತ್ತಿದ್ದೇನೆ, ತಮ್ಮನೂ ಜೊತೆಗೆ ಬರುತ್ತಾನೆ. ಅಕ್ಕ, ಸೋದರತ್ತೆಯ ಇಬ್ಬರು ಹೆಣ್ಣುಮಕ್ಕಳಿಗೂ ಈಗಲೇ ವಿಷಯ ತಿಳಿಸಬೇಕೇ, ಅಥವಾ ತಂದೆಯವರ ಫಲಿತಾಂಶ ಬರುವವರೆಗೆ ಕಾಯಬೇಕೇ?

ಮಾಲೂರಿನ ಶುಶ್ರೂಷಕಿ:
ಈಗಲೇ ತಿಳಿಸಿ. ಅವರ ತಾಯಿಯ ಚಿಕಿತ್ಸೆಯ ದಾಖಲೆಗಳು ಸಿಕ್ಕರೆ ಅವನ್ನೂ ಜೊತೆಗೆ ಒಯ್ಯಿರಿ.