ಸಹಾಯ ಬೇಕು: ಹಳೆಯ ಕೆಲಸಗಾರರನ್ನೇ ವಾಪಸ್ ಸೇರಿಸಿಕೊಂಡರೆ ತೆರಿಗೆ ವಿನಾಯಿತಿ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಂತರಸನಹಳ್ಳಿಯಲ್ಲಿ ನಮ್ಮದೊಂದು ಚಿಕ್ಕ ಲೇತ್ ವರ್ಕ್‌ಶಾಪ್ ಇದೆ. ಆರ್ಡರ್ ನಿಂತಾಗ ಮೂವರನ್ನು ಬಿಡಿಸಬೇಕಾಯಿತು. ಈಗ ಕೆಲಸ ಬರುತ್ತಿದೆ, ಅವರನ್ನೇ ಕರೆಯಬೇಕು. ಟೂಲ್ ಮೊಂಡಾದರೆ ಮಷಿನ್ ಸದ್ದಿನಲ್ಲೇ ಕಂಡುಹಿಡಿಯುತ್ತಿದ್ದವರು ಈಗ ಆಟೋ ಓಡಿಸುತ್ತಿದ್ದಾರೆ, ನೋಡಿದರೆ ಸಂಕಟವಾಗುತ್ತದೆ.

ಕೋವಿಡ್ ಸಮಯದ ಆತ್ಮನಿರ್ಭರ ಭಾರತ ರೋಜ್‌ಗಾರ್ ಯೋಜನೆಯಲ್ಲಿ ಕೆಲಸ ಕಳೆದುಕೊಂಡವರನ್ನು ಮತ್ತೆ ಸೇರಿಸಿಕೊಂಡರೂ ಪಿಎಫ್ ನೆರವು ಇತ್ತು. ಅದು ಮುಗಿಯಿತು. ಈಗಿನ ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯಲ್ಲಿ, 50ಕ್ಕಿಂತ ಕಡಿಮೆ ಜನರಿರುವ ಕಡೆ ಕನಿಷ್ಠ ಇಬ್ಬರನ್ನು ಹೆಚ್ಚುವರಿಯಾಗಿ ಸೇರಿಸಿ ಆರು ತಿಂಗಳು ಉಳಿಸಿಕೊಂಡರೆ ಒಬ್ಬೊಬ್ಬರ ಲೆಕ್ಕಕ್ಕೆ ತಿಂಗಳಿಗೆ 3,000 ರೂಪಾಯಿವರೆಗೆ ಮಾಲೀಕರಿಗೆ ಬರುತ್ತದೆ. ಆದಾಯ ತೆರಿಗೆಯಲ್ಲೂ, 1961ರ ಕಾಯ್ದೆಯಲ್ಲಿ 80ಜೆಜೆಎಎ ಎಂದಿದ್ದ ನಿಯಮದ ಪ್ರಕಾರ, ತಿಂಗಳಿಗೆ 25,000 ರೂಪಾಯಿ ಒಳಗೆ ಸಂಬಳವಿರುವ ಹೆಚ್ಚುವರಿ ಕೆಲಸಗಾರರ ಸಂಬಳದ ಶೇ. 30ರಷ್ಟನ್ನು ಮೂರು ವರ್ಷ ನಮ್ಮ ತೆರಿಗೆಯ ಆದಾಯದಿಂದ ಕಳೆಯಬಹುದು. ಅದಕ್ಕೆ ಬೇಕಾದ ಹಾಗೆ ನಮ್ಮದು ಆಡಿಟ್ ಆಗುವ ವ್ಯವಹಾರವೇ.

ನನ್ನ ಪ್ರಶ್ನೆ ಇಷ್ಟೇ. ಇವರ ಯುಎಎನ್ (ಕೆಲಸಗಾರರ ಕಾಯಂ ಪಿಎಫ್ ನಂಬರ್) ಹಳೆಯದು, ಅದೂ ನಮ್ಮಲ್ಲೇ ಇದ್ದವರು. ಹೀಗೆ ವಾಪಸ್ ಬಂದವರನ್ನು ಹೆಚ್ಚುವರಿ ಅಂತ ಒಪ್ಪುತ್ತಾರಾ? ಸುಮ್ನೆ ಊಹೆ ಬೇಡ, ನಿಜವಾಗಿ ಕ್ಲೇಮ್ ಮಾಡಿದವರು ಅಥವಾ ಸಿಎ ಆಗಿರುವವರು ದಯವಿಟ್ಟು ತಿಳಿಸಿ. ಮುಂದಿನ ತಿಂಗಳೊಳಗೆ ಅವರಿಗೆ ಮಾತು ಕೊಡಬೇಕು.