ಹಳೆ ಬಯಲಾಟದ ಕ್ಯಾಸೆಟ್: ಶ್ರುತಿ ಏರುತ್ತಿದೆ, ಚಕ್ರತಾಳ ಮಂಕು

ಪ್ರಶ್ನೆ (ಉಡುಪಿ)

1980ರ ದಶಕದ ತೆಂಕುತಿಟ್ಟು (ಯಕ್ಷಗಾನದ ತೆಂಕಣ ಶೈಲಿ) ಬಯಲಾಟ. ಸಿ-90 (ಬದಿಗೆ 45 ನಿಮಿಷದ) ಕ್ಯಾಸೆಟ್, ಸೆಲ್ ಹಾಕಿದ ಮೊನೊ ರೆಕಾರ್ಡರಿನಲ್ಲಿ ಸಭೆಯಿಂದಲೇ ಹಿಡಿದದ್ದು. ಸ್ಟೀರಿಯೊ ಡೆಕ್ಕಿನಿಂದ ಕಂಪ್ಯೂಟರಿನ ಆಡಾಸಿಟಿಗೆ (ಧ್ವನಿ ತಿದ್ದುವ ತಂತ್ರಾಂಶ) ಇಳಿಸಿದರೆ, ಎ ಬದಿಯ ಸುರುವಿಗೆ ಕಪ್ಪು 2 ಇದ್ದ ಶ್ರುತಿ ಕೊನೆಗೆ ಬಿಳಿ 3ಕ್ಕೆ (ಹಾರ್ಮೋನಿಯಂನ ಪಕ್ಕದ ಕೀಲಿಗೆ) ಏರುತ್ತದೆ. ಚಕ್ರತಾಳ (ಹಿಮ್ಮೇಳದ ಲೋಹದ ತಾಳ) ಕಂಬಳಿ ಹೊದ್ದ ಹಾಗಿದೆ. ನಾಯ್ಸ್ ರಿಡಕ್ಷನ್ (ಗದ್ದಲ ತಗ್ಗಿಸುವ ಸೌಲಭ್ಯ) 20 ಡೆಸಿಬೆಲ್ ಕೊಟ್ಟಾಗ ಪದ್ಯ ನೀರಿನೊಳಗಿಂದ ಬಂದಂತಾಯಿತು. ಮೈಕಿನ 50 ಹರ್ಟ್ಸ್ ಗುಂಯ್ಕಾರವನ್ನು ಅಳತೆಯಾಗಿ ಹಿಡಿದು ವೇಗ ಸರಿಮಾಡಬಹುದೇ?

ಉತ್ತರ 1 (ಮಂಗಳೂರು)

ಗುಂಯ್ಕಾರವನ್ನು ನಂಬಬೇಡಿ. ಆ ಕಾಲದಲ್ಲಿ ವಿದ್ಯುತ್ ಗ್ರಿಡ್ಡಿನ ಆವರ್ತನ 50ಕ್ಕಿಂತ ಕೆಳಗಿಳಿಯುವುದು ಮಾಮೂಲು. ಗದ್ದೆಯ ಆಟಕ್ಕೆ ಜನರೇಟರ್ ಇದ್ದಿದ್ದರೆ ಕೇಳುವುದೇ ಬೇಡ. 48.5 ಇದ್ದದ್ದನ್ನು 50 ಎಂದುಕೊಂಡರೆ ಶೇ. 3ರ ತಪ್ಪು, ಅಂದರೆ ಕಪ್ಪು-ಬಿಳಿ ಕೀಲಿಗಳ ನಡುವಿನ ಅಂತರದ ಅರ್ಧ. ಶ್ರುತಿಪೆಟ್ಟಿಗೆಯನ್ನೇ ಅಳತೆಯಾಗಿ ಹಿಡಿಯಿರಿ.

ಏರಿಕೆಗೆ ಕಾರಣ ಸೆಲ್. ಅದು ಸೋತಂತೆ ರೆಕಾರ್ಡರಿನ ಮೋಟಾರು ನಿಧಾನವಾಗುತ್ತದೆ. ಹಾಗೆ ತುಂಬಿಸಿದ ಟೇಪು ಸೆಕೆಂಡಿಗೆ 4.76 ಸೆಂ.ಮೀ.ನ ಸರಿ ವೇಗದಲ್ಲಿ ಓಡಿದಾಗ ಶ್ರುತಿಯೂ ಲಯವೂ ಜೊತೆಯಾಗಿ ಏರುತ್ತವೆ. ಭಾಗವತರೇ ಶ್ರುತಿ ಏರಿಸಿದ್ದರೆ ಅದು ಎರಡು ಪದ್ಯಗಳ ನಡುವೆ ಒಮ್ಮೆಲೇ ಆಗುತ್ತದೆ, ಜಾರುತ್ತಾ ಬರುವುದಿಲ್ಲ. ಅದನ್ನು ತಿದ್ದಲು ಹೋಗಬೇಡಿ, ಆಟವೇ ಸುಳ್ಳಾಗುತ್ತದೆ.

ಆಡಾಸಿಟಿಯಲ್ಲಿ ಟೈಮ್ ಟ್ರ್ಯಾಕ್ (ವೇಗವನ್ನು ಹಂತಹಂತವಾಗಿ ಬದಲಿಸುವ ಪಟ್ಟಿ) ಸೇರಿಸಿ, 5 ನಿಮಿಷಕ್ಕೊಮ್ಮೆ ಶ್ರುತಿ ನೋಡಿ ಬಿಂದು ಇಡಿ: ವೇಗ ಸುರುವಿಗೆ ಶೇ. 100, ಕೊನೆಗೆ ಸುಮಾರು ಶೇ. 94.4. ಚೇಂಜ್ ಪಿಚ್ ಬೇಡ, ಅದು ಶ್ರುತಿಯನ್ನಷ್ಟೇ ಬದಲಿಸುತ್ತದೆ, ಓಡುವ ಲಯ ಹಾಗೇ ಉಳಿಯುತ್ತದೆ.

ಉತ್ತರ 2 (ಮಣಿಪಾಲ)

ಅದಕ್ಕೂ ಮೊದಲು ಇನ್ನೊಮ್ಮೆ ಇಳಿಸಲೇಬೇಕು. ಮಂಕಿಗೆ ಮುಖ್ಯ ಶಂಕೆ ಅಜಿಮತ್, ಅಂದರೆ ಹೆಡ್ಡಿನ ಓರೆ. ಮೊನೊ ಟೇಪಿನಲ್ಲಿ ಎಡ-ಬಲ ಎರಡರಲ್ಲೂ ಒಂದೇ ಶಬ್ದ ಇರುವುದೇ ನಿಮ್ಮ ಅನುಕೂಲ: ಒಂದು ಚಾನಲಿನ ಅಲೆಯನ್ನು ತಲೆಕೆಳಗು (ಇನ್ವರ್ಟ್) ಮಾಡಿ ಎರಡನ್ನೂ ಕೂಡಿಸಿ ಕೇಳುತ್ತಾ, ಹೆಡ್ಡಿನ ಪಕ್ಕದ ಸ್ಪ್ರಿಂಗ್ ಸ್ಕ್ರೂವನ್ನು ತುಸುತುಸುವೇ ತಿರುಗಿಸಿ. ಜಾಗಟೆಯ ಝಣಕು ತೀರಾ ಸಣ್ಣದಾದ ಜಾಗವೇ ಸರಿ. ಮೂಲ ಸ್ಥಾನಕ್ಕೆ ಮೊದಲೇ ಗುರುತು ಹಾಕಿ. ಎ ಬದಿಗೆ ಹೊಂದಿದ್ದು ಬಿ ಬದಿಗೆ ಹೊಂದದೆ ಹೋಗಬಹುದು.

ಡೆಕ್ಕಿನ ಡಾಲ್ಬಿ (ಹಿಸ್ ತಗ್ಗಿಸುವ ಸ್ವಿಚ್) ಆಫ್ ಇರಲಿ. ಕ್ಯಾಸೆಟ್ಟಿನೊಳಗಿನ ಉಣ್ಣೆಯ ಪ್ಯಾಡ್ ಅಂಟು ಬಿಟ್ಟು ಉದುರಿದ್ದರೂ ಇದೇ ಮಂಕು ಬರುತ್ತದೆ. ಸ್ಕ್ರೂ ಇರುವ ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ಎರಡೂ ಸುರುಳಿಗಳನ್ನು ವರ್ಗಾಯಿಸಿ.

24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿ, 45 ನಿಮಿಷಕ್ಕೆ ಸುಮಾರು 1.6 ಜಿಬಿ. ಆ ಕಡತವನ್ನು ತಿದ್ದದೆ ಹಾಗೇ ಇಡಿ, ಕೆಲಸವೆಲ್ಲ ಪ್ರತಿಯಲ್ಲಿ. ನಾಯ್ಸ್ ರಿಡಕ್ಷನ್ 6 ಡೆಸಿಬೆಲ್ ದಾಟದಿರಲಿ. ಚಕ್ರತಾಳದ ಗುಂಗು ಇರುವುದೂ ಹಿಸ್ (ಟೇಪಿನ ಸುಯ್ ಸದ್ದು) ಇರುವ ಎತ್ತರದ ಆವರ್ತನದಲ್ಲೇ, ಒಂದನ್ನು ಕೆರೆದರೆ ಇನ್ನೊಂದೂ ಹೋಗುತ್ತದೆ. ಸ್ವಲ್ಪ ಹಿಸ್ ಇರಲಿ ಬಿಡಿ.

ಪ್ರಶ್ನೆ ಕೇಳಿದವರು

ಅಜಿಮತ್ ತಿದ್ದಿದ ಮೇಲೆ ಚಕ್ರತಾಳ ಬಂತು! ಇದೇ ಆಟದ ಎರಡನೇ ಕ್ಯಾಸೆಟ್ಟಿನ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು. ಹಾಕಬಹುದೇ?

ಉತ್ತರ 2 (ಮಣಿಪಾಲ)

ಹಾಕಬೇಡಿ, ಬೂಷ್ಟು ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಮೊದಲು ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬದಲ್ಲಿ ಒಂದು ವಾರ ಒಣಗಿಸಿ. ಆಮೇಲೆ ಮಾಸ್ಕ್ ಹಾಕಿ, ಮನೆಯ ಹೊರಗೆ, ನೂಲು ಬಿಡದ ಒಣ ಬಟ್ಟೆಯ ನಡುವೆ ಟೇಪನ್ನು ಹಾಯಿಸುತ್ತಾ ಕೈಯಿಂದ ನಿಧಾನವಾಗಿ ಸುತ್ತಿ. ಇಳಿಸಿದ ಮೇಲೆ ಹೆಡ್ಡು, ಕ್ಯಾಪ್‌ಸ್ಟನ್ನುಗಳನ್ನು (ಟೇಪು ಎಳೆಯುವ ಸಣ್ಣ ಲೋಹದ ಕಡ್ಡಿ) ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ.

ಉತ್ತರ 1 (ಮಂಗಳೂರು)

ಕಡತದ ಜೊತೆ ಒಂದು ಟೆಕ್ಸ್ಟ್ ಇಡಿ: ಯಾವ ರೆಕಾರ್ಡರು, ಮೂಲವೋ ನಕಲೋ, ಯಾವ ಡೆಕ್, ವೇಗ ಎಲ್ಲೆಲ್ಲಿ ಎಷ್ಟು ತಿದ್ದಿದ್ದು. ಅಮೆರಿಕದ ರಾಕ್ ಸಂಗೀತದ ಗ್ರೇಟ್‌ಫುಲ್ ಡೆಡ್ ತಂಡ 1984ರಲ್ಲಿ ತನ್ನ ಕಛೇರಿಗಳಲ್ಲಿ ಟೇಪ್ ಮಾಡುವವರಿಗೆ ಪ್ರತ್ಯೇಕ ಜಾಗವನ್ನೇ ಬಿಟ್ಟುಕೊಟ್ಟಿತ್ತು. ಆ ಅಭಿಮಾನಿಗಳು ಪ್ರತಿ ಟೇಪಿಗೂ ಇಂಥ ವಂಶಾವಳಿ ಬರೆಯುತ್ತಾರೆ. ಮೇಳ, ಪ್ರಸಂಗ, ಊರು, ಹಿಮ್ಮೇಳದವರ ಹೆಸರು ಗೊತ್ತಿರುವ ಹಿರಿಯರಿಗೆ ಕೇಳಿಸಿ ಈಗಲೇ ಬರೆದುಕೊಳ್ಳಿ.