ನಾಯಿಗೆ ಸಲಾಡ್, ಸೊಪ್ಪು: ಭಾನುವಾರದ ಪ್ರಶ್ನೋತ್ತರ

ಡಾಕ್ಟರ್: ಸಂಜೆ 7ರಿಂದ 9ರವರೆಗೆ ಇರುತ್ತೇನೆ. ಇವತ್ತು ಹಸಿ ತರಕಾರಿ, ಸೊಪ್ಪಿನ ವಿಷಯ ಮಾತ್ರ. ನಾಯಿಯ ತೂಕ, ವಯಸ್ಸು ಬರೆದು ಕೇಳಿ.

ಸಿಂಬಾ ಅಪ್ಪ: ಲ್ಯಾಬ್, 3 ವರ್ಷ, 32 ಕೆಜಿ. ಸೆಖೆ ಅಂತ ಸೌತೆಕಾಯಿ, ಲೆಟ್ಯೂಸ್ ಕೊಡುತ್ತಿದ್ದೇವೆ. ಸರೀನಾ?

ಡಾಕ್ಟರ್: ಸರಿ. ಚೆನ್ನಾಗಿ ತೊಳೆದು ಸಣ್ಣಗೆ ಹೆಚ್ಚಿ ಕೊಡಿ. ಇಡೀ ಎಲೆ ನುಂಗಿದರೆ ಇಡೀ ಎಲೆಯೇ ಹೊರಗೆ ಬರುತ್ತದೆ. ದಿನದ ಊಟದ ಹತ್ತನೇ ಒಂದು ಪಾಲು ಮೀರಬೇಡಿ. ಕ್ಯಾರೆಟ್, ಬೀನ್ಸ್ ಕೂಡ ಆಗುತ್ತದೆ. ಎಲೆಕೋಸು ಜಾಸ್ತಿಯಾದರೆ ಗ್ಯಾಸ್. ಅವತ್ತು ರಾತ್ರಿ ನೀವು ಬೇರೆ ರೂಮಲ್ಲಿ ಮಲಗಬೇಕಾಗುತ್ತದೆ. ಉಪ್ಪು, ಒಗ್ಗರಣೆ ಬಿದ್ದ ಕೋಸಂಬರಿ ಬೇಡ.

ಪಿಂಕಿ ಅಮ್ಮ: ಪಾಲಕ್? ಪಿಂಕಿಗೆ ಹೋದ ವರ್ಷ ಮೂತ್ರಕೋಶದಲ್ಲಿ ಕಲ್ಲಾಗಿತ್ತು.

ಡಾಕ್ಟರ್: ಯಾವ ಕಲ್ಲು ಅಂತ ರಿಪೋರ್ಟ್ ನೋಡಿ. ಕ್ಯಾಲ್ಸಿಯಂ ಆಕ್ಸಲೇಟ್ ಅಂತಿದ್ದರೆ ಪಾಲಕ್ ಬೇಡ, ಹರಿವೆಯೂ ಬೇಡ.

ಬ್ರೌನಿ ಅಮ್ಮ: ಇಂಡಿ (ನಾಟಿ ನಾಯಿ), 4 ವರ್ಷ, 9 ಕೆಜಿ. ಬುಧವಾರ ಮನೆಯಲ್ಲಿ ಪಾರ್ಟಿ ಇತ್ತು. ಮಿಕ್ಕ ಸಲಾಡ್ ಒಂದು ಬಟ್ಟಲು ತಿಂದ. ಅದರಲ್ಲಿ ಈರುಳ್ಳಿ ಸೊಪ್ಪಿತ್ತು. ಅವತ್ತು ಏನೂ ಆಗಲಿಲ್ಲ. ಇವತ್ತು ಕರೆದರೂ ಏಳುತ್ತಿಲ್ಲ. ಬಿಳಿ ಟೈಲ್ಸ್ ಮೇಲೆ ಸೂಸು ಮಾಡಿದ, ಡಿಕಾಕ್ಷನ್ ಬಣ್ಣ.

ಡಾಕ್ಟರ್: ತುಟಿ ಎತ್ತಿ ವಸಡು ನೋಡಿ, ಯಾವ ಬಣ್ಣ? ಬೇರೆ ಏನಾದರೂ ಕೊಟ್ಟಿದ್ದೀರಾ?

ಬ್ರೌನಿ ಅಮ್ಮ: ಬಿಳಿಚಿಕೊಂಡಿದೆ, ಸ್ವಲ್ಪ ಹಳದಿ. ಬೇರೆ ಏನಿಲ್ಲ. ಮೈಗೆ ರಕ್ತ ಹೀರುವ ಉಣ್ಣೆ ಹತ್ತಬಾರದು ಅಂತ ದಿನಾ 4 ಎಸಳು ಬೆಳ್ಳುಳ್ಳಿ, ಎರಡು ವಾರದಿಂದ. ವಾಟ್ಸಾಪ್‌ನಲ್ಲಿ ಬಂದಿತ್ತು.

ಡಾಕ್ಟರ್: ಈಗಲೇ ಹೊರಡಿ, ದಾರಿಯಲ್ಲಿ ಓದಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು ಮೂರೂ ಒಂದೇ ಜಾತಿ. ಅವುಗಳಲ್ಲಿರುವ ಗಂಧಕದ ಅಂಶ ನಾಯಿಯ ಕೆಂಪು ರಕ್ತಕಣವನ್ನು ಒಡೆಯುತ್ತದೆ. ತಿಂದ ದಿನ ನಾಯಿ ಕುಣಿದಾಡಿಕೊಂಡೇ ಇರುತ್ತದೆ. ಮೂರು ನಾಲ್ಕು ದಿನಕ್ಕೆ ರಕ್ತ ಇಳಿಯುತ್ತದೆ, ಒಡೆದ ಕಣದ ಬಣ್ಣ ಮೂತ್ರದಲ್ಲಿ ಬರುತ್ತದೆ. ನೀವು ಟೈಲ್ಸ್ ಮೇಲೆ ನೋಡಿದ್ದು ಅದೇ ಇರಬಹುದು. ಈರುಳ್ಳಿಯಾದರೆ ಕೆಜಿ ತೂಕಕ್ಕೆ 15 ಗ್ರಾಂ ದಾಟಿದರೆ ಅಪಾಯ, ಬೆಳ್ಳುಳ್ಳಿ ಅದಕ್ಕಿಂತ ಜೋರು ವಿಷ. ಒಂದು ಬಟ್ಟಲು ಸಲಾಡ್‌ನಿಂದ ಮಾತ್ರ ಇಷ್ಟಾಗುವುದು ನನಗೆ ಅನುಮಾನ. ಎರಡು ವಾರದ ಬೆಳ್ಳುಳ್ಳಿ ಮೊದಲೇ ದಾರಿ ಮಾಡಿಟ್ಟಿರಬೇಕು.

ಇನ್ನೊಂದು ವಿಷಯ ನನ್ನನ್ನು ಕಾಡುತ್ತಿದೆ. ಉಣ್ಣೆಯ ಭಯ ಇದೆ ಅಂತೀರಿ. ಉಣ್ಣೆಯಿಂದ ಬರುವ ಬೇಬಿಸಿಯಾ ಜ್ವರದಲ್ಲೂ ವಸಡು ಹೀಗೇ, ಮೂತ್ರವೂ ಇದೇ ಬಣ್ಣ. ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಹೋದ ಕೂಡಲೇ ಪಿಸಿವಿ (ರಕ್ತದಲ್ಲಿ ಕೆಂಪು ಕಣ ಶೇಕಡಾ ಎಷ್ಟಿದೆ ಅಂತ) ಮತ್ತು ಸ್ಮಿಯರ್ (ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಲ್ಲಿ ನೋಡುವುದು) ಮಾಡಿಸಿ. ಸ್ಮಿಯರ್‌ನಲ್ಲಿ ಕಣದ ಅಂಚಿಗೆ ಗುಬುಟು ಕಂಡರೆ ಅದು ಹೈನ್ಸ್ ಬಾಡಿ, ಈರುಳ್ಳಿ ಬೆಳ್ಳುಳ್ಳಿ ಕೆಲಸ. ಕಣದ ಒಳಗೆ ಪರಾವಲಂಬಿ ಕಂಡರೆ ಔಷಧವೇ ಬೇರೆ. ಎರಡೂ ಇರಬಹುದು. ಬೆಳ್ಳುಳ್ಳಿ ವಿಷಯ ಮುಚ್ಚಿಡದೆ ಅಲ್ಲಿಯ ಡಾಕ್ಟರಿಗೆ ಹೇಳಿ.

ರಾಕಿ ಮಾಮ: ಮೊದಲು ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ ಮೇಡಂ.

ಡಾಕ್ಟರ್: ಬೇಡ! ಬುಧವಾರ ತಿಂದದ್ದು ಭಾನುವಾರ ಹೊಟ್ಟೆಯಲ್ಲಿ ಇರುತ್ತಾ? ಉಪ್ಪೇ ನಾಯಿಗೆ ವಿಷವಾಗಬಹುದು.

ಪಿಂಕಿ ಅಮ್ಮ: ಪಪ್ಪಾಯಿ ಎಲೆ ರಸ ಪ್ಲೇಟ್‌ಲೆಟ್‌ಗೆ ಒಳ್ಳೇದು ಅಂತ ಬಂದಿದೆ, ಫಾರ್ವರ್ಡ್ ಮಾಡ್ಲಾ?

ಡಾಕ್ಟರ್: ಮಾಡಬೇಡಿ. ಇಲ್ಲಿ ಹೋಗುತ್ತಿರುವುದು ಕೆಂಪು ಕಣ.

ಚಿನ್ನು ಅಕ್ಕ: ಸರ್, ಪಾಟ್‌ನಲ್ಲಿರುವ ತುಳಸಿ ದಿನಾ ಕಿತ್ತು ತಿನ್ನುತ್ತೆ, ಏನಾದ್ರೂ ಆಗುತ್ತಾ?

ಟಾಮಿ ಅಪ್ಪ: ಅಜ್ಜಿ ಮನೆಯ ನಾಯಿ ಈರುಳ್ಳಿ ಹುಳಿ ಕಲಸಿದ ಅನ್ನ ತಿಂದು 14 ವರ್ಷ ಬದುಕಿತ್ತು. ಈಗಿನವರದು ಬರೀ ಭಯ.

ಸಿಂಬಾ ಅಪ್ಪ: ಹುಳಿಯಲ್ಲಿ ಎರಡು ಚೂರು ಈರುಳ್ಳಿ ಬಿದ್ದಿರಬಹುದು. ಅಜ್ಜಿ ಅದಕ್ಕೆ ಬಟ್ಟಲುಗಟ್ಟಲೆ ಸಲಾಡ್ ಹಾಕಿದ್ರಾ?

ಟಾಮಿ ಅಪ್ಪ: ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಟಾಮಿನೂ ಹಾಗೇ. ದಿನಾ ಚಿಕನ್ ಹಾಕುವವರಿಗಿಂತ ಗಟ್ಟಿಯಾಗಿದ್ದಾನೆ.

ಸಿಂಬಾ ಅಪ್ಪ: ಟಾಮಿಯನ್ನು ಕೇಳಿ ನಿರ್ಧಾರ ಮಾಡಿದ್ದಾ?

ಟಾಮಿ ಅಪ್ಪ: ನಿಮ್ಮ ಲ್ಯಾಬ್ ನಿಮ್ಮನ್ನು ಕೇಳಿ ಡಯಟ್ ಮಾಡುತ್ತಾ? 32 ಕೆಜಿ ಅಂತೆ, ಫೋಟೋದಲ್ಲಿ ಸೋಫಾನೇ ಕಾಣಲ್ಲ.

ಡಾಕ್ಟರ್: ಜಗಳ ಆಡುವವರು ಆಚೆ ಹೋಗಿ. ನಾಯಿಯನ್ನು ಸಸ್ಯಾಹಾರದಲ್ಲಿ ಸಾಕಬಹುದು, ಲೆಕ್ಕ ಹಾಕಿ ಮಾಡಿದ ಆಹಾರ ಇದ್ದರೆ. ಬರೀ ಸಾರನ್ನ ಆ ಲೆಕ್ಕಕ್ಕೆ ಬರುವುದಿಲ್ಲ.

ರಾಕಿ ಮಾಮ: ಈರುಳ್ಳಿ ಬೇಯಿಸಿದರೆ ವಿಷ ಹೋಗುತ್ತಲ್ವಾ?

ಡಾಕ್ಟರ್: ಹೋಗಲ್ಲ. ಪುಡಿಯಲ್ಲೂ ಇರುತ್ತದೆ, ಚಿಪ್ಸ್ ಮೇಲಿನ ಮಸಾಲೆಯಲ್ಲೂ ಇರುತ್ತದೆ.

ಗುಂಡ ಅಪ್ಪ: ಸೌತೆಕಾಯಿ ಕೊಡಬಹುದಾ?

ಡಾಕ್ಟರ್: ಮೇಲೆ ಓದಿ.

ಗುಂಡ ಅಪ್ಪ: ಸಲಾಡ್‌ನಲ್ಲಿರುವ ದ್ರಾಕ್ಷಿ?

ಡಾಕ್ಟರ್: ಒಂದೂ ಬೇಡ. ಒಣದ್ರಾಕ್ಷಿನೂ ಬೇಡ. ಕಿಡ್ನಿ ಹೋಗುತ್ತದೆ.

ಚಿನ್ನು ಅಕ್ಕ: ಸರ್, ತುಳಸಿ?

ಬ್ರೌನಿ ಅಮ್ಮ: ಅಡ್ಮಿಟ್ ಮಾಡಿಕೊಂಡರು. ಪಿಸಿವಿ 14. ಸ್ಮಿಯರ್‌ನಲ್ಲಿ ಹೈನ್ಸ್ ಬಾಡಿ ಇದೆ, ಪರಾವಲಂಬಿ ಕಂಡಿಲ್ಲ. ರಕ್ತ ಬೇಕಂತೆ. 25 ಕೆಜಿ ಮೇಲಿನ ನಾಯಿ ಯಾರ ಹತ್ತಿರ ಇದೆ?

ಡಾಕ್ಟರ್: ಪಿಸಿವಿ 37ರ ಮೇಲಿರಬೇಕಿತ್ತು. ತಡ ಮಾಡಬೇಡಿ. 1ರಿಂದ 8 ವರ್ಷದೊಳಗಿನ, ಲಸಿಕೆ ಆಗಿರುವ, ಉಣ್ಣೆ ಜ್ವರ ಬಂದಿಲ್ಲದ ದೊಡ್ಡ ನಾಯಿ ಇರುವವರು ಅವರಿಗೆ ಮೆಸೇಜ್ ಮಾಡಿ. ಸಿಂಬಾ?

ಸಿಂಬಾ ಅಪ್ಪ: ಹೋದ ಡಿಸೆಂಬರ್‌ನಲ್ಲಿ ಉಣ್ಣೆ ಜ್ವರ ಬಂದಿತ್ತು ಸರ್.

ಟಾಮಿ ಅಪ್ಪ: ನಮ್ಮ ಟಾಮಿ 30 ಕೆಜಿ. ಸಸ್ಯಾಹಾರಿ ಆದರೂ ನಡೆಯುತ್ತಾ?

ಡಾಕ್ಟರ್: ನಡೆಯುತ್ತೆ. ವಯಸ್ಸೆಷ್ಟು?

ಟಾಮಿ ಅಪ್ಪ: 11.

ಡಾಕ್ಟರ್: ಆಗಲ್ಲ. ಬೇರೆ ಯಾರಿದ್ದೀರಿ?